ಪರರ ಮೈಯಲ್ಲಿ ಬದುಕುವ ಜೀವಿಗಳ ವಿಷಯವಾಗಿ



ನಾವು ಇರುವ ಊರಿಗೆ ದೇವರಾಯಸಮುದ್ರವೆಂದು ಹೆಸರು. ಹೆಸರಿನಲ್ಲಿ ಸಮುದ್ರವಿದ್ದರೂ ಸಮುದ್ರವನ್ನು ಕಣ್ಣಾರೆ ಕಂಡವರು ಊರಿನಲ್ಲಿ ಕೆಲವರೇ. ದೊಡ್ಡ ಕೆರೆಗೆ ಸಮುದ್ರವೆಂದು ಹೆಸರಿಡುವದು ನಮ್ಮ ನಾಡಿನಲ್ಲಿ ಪೂರ್ವದಿಂದ ಬಂದ ವಾಡಿಕೆ. ಮುಳಬಾಗಿಲು ಸೀಮೆಯ ಕಾದ ಬಂಡೆಗಳ ನಡುವೆ ಒಂದು ಮಳೆಗಾಲದ ನೀರು ನಿಂತದ್ದಾದರೆ ಅದನ್ನು ಸಮುದ್ರವೆನ್ನುವದು ಹೆಚ್ಚು ಮಾತಲ್ಲವೆಂದು ಇಲ್ಲಿಯ ಬೇಸಿಗೆಯಲ್ಲಿ ಕೊಡ ಹೊತ್ತವರೆಲ್ಲರೂ ಒಪ್ಪಿಕೊಳ್ಳುವರು. ಇಂಥ ಊರಿನಲ್ಲಿ ನಮ್ಮ ಭಾನುವಾರದ ಶಾಲೆಯ ಹುಡುಗನೊಬ್ಬನು ನಿಜವಾದ ಸಮುದ್ರದ ವಿಷಯವಾಗಿ ನಮ್ಮನ್ನು ಒಂದು ಪ್ರಶ್ನೆ ಕೇಳಿದನು. ಅವನು ತನ್ನ ಅಣ್ಣನ ಮೊಬೈಲಿನಲ್ಲಿ ಒಂದು ಮೀನಿನ ಚಿತ್ರವನ್ನು ನೋಡಿದ್ದನು. ಆ ಮೀನಿನ ಕಣ್ಣಿನಿಂದ ಬೆಳ್ಳಗಿನ ದಾರದಂಥ ಒಂದು ಜಂತು ಜೋತಾಡುತ್ತಿತ್ತಂತೆ. “ಅಯ್ಯನವರೇ, ದೇವರು ಮೀನುಗಳನ್ನು ಐದನೆಯ ದಿನ ಉಂಟುಮಾಡಿದನೆಂದು ಹೇಳಿಕೊಟ್ಟಿರಲ್ಲಾ, ಆ ಹುಳವನ್ನು ಯಾವ ದಿನ ಉಂಟುಮಾಡಿದನು?” ಎಂದನು. ಮಕ್ಕಳು ನಕ್ಕರು. ನಾವೂ ನಕ್ಕು, ಹೊತ್ತಾಯಿತೆಂದು ಹೇಳಿ, ಪ್ರಾರ್ಥನೆ ಮಾಡಿ ಅವರನ್ನು ಕಳುಹಿಸಿಬಿಟ್ಟೆವು. ಉತ್ತರ ತಿಳಿಯದವನು ಹೊತ್ತಾಯಿತೆನ್ನುವದು ಉಪದೇಶಿಗಳಲ್ಲಿ ಹೊಸದೇನಲ್ಲ.

ಆದರೆ ಉತ್ತರ ಕೊಡದೆ ಬಿಟ್ಟ ಆ ಪ್ರಶ್ನೆಯು ಒಂದು ತಿಂಗಳೊಳಗೆ ನಮ್ಮ ಸಭೆಯ ಒಂದು ಮನೆಯಲ್ಲಿ ಬೇರೆ ರೂಪದಿಂದ ಎದ್ದು ನಿಂತಿತು. ಅದರಲ್ಲಿ ನಮ್ಮ ತಪ್ಪೂ ಉಂಟು. ಆದದರಿಂದ ಈ ತಿಂಗಳು ಅದನ್ನೇ ಬರೆಯುವದಕ್ಕೆ ಮನಸ್ಸುಮಾಡಿದೆವು. ಮೊದಲು ಆ ಮೀನಿನ ಸಂಗತಿಯನ್ನು ಹೇಳುತ್ತೇವೆ.

ಅದು ಗ್ರೀನ್‌ಲ್ಯಾಂಡ್ ಶಾರ್ಕ್ ಎಂಬ ಮೀನು. ನಮ್ಮ ಕರಾವಳಿಯವರು ತಾಟೆಯೆಂದು ಕರೆಯುವ ಮೀನುಗಳ ಕುಲದಲ್ಲಿ ಅತಿ ದೊಡ್ಡವುಗಳಲ್ಲಿ ಒಂದು. ಮೂರು ಆಳುದ್ದ ಬೆಳೆಯುವದು. ಉತ್ತರದ ಹಿಮ ಸಮುದ್ರಗಳಲ್ಲಿ, ಬಿಸಿಲು ತಲಪದ ಆಳದಲ್ಲಿ, ಮೇಲಿನಿಂದ ಎರಡು ಸಾವಿರ ಮೀಟರಿಗೂ ಕೆಳಗೆ ಅದನ್ನು ಕಂಡದ್ದುಂಟು. ಹೊಲದಿಂದ ಮನೆಗೆ ತಿರುಗುವ ಮುದಿ ಎತ್ತಿಗಿಂತಲೂ ನಿಧಾನವಾಗಿ ಅದು ಈಜುತ್ತದೆ. 2016ರಲ್ಲಿ ವಿಜ್ಞಾನಿಗಳು ಇಪ್ಪತ್ತೆಂಟು ಹೆಣ್ಣು ಮೀನುಗಳ ಕಣ್ಣಿನ ಮಸೂರಗಳನ್ನು ಪರೀಕ್ಷಿಸಿ ಅವುಗಳ ವಯಸ್ಸನ್ನು ಲೆಕ್ಕಹಾಕಿದರು. ಅವುಗಳಲ್ಲಿ ಅತಿ ದೊಡ್ಡದಕ್ಕೆ ಸುಮಾರು 392 ವರುಷವೆಂದೂ, ಲೆಕ್ಕ ತಪ್ಪಿದರೂ 272ಕ್ಕೆ ಕಡಿಮೆಯಿಲ್ಲವೆಂದೂ ಗೊತ್ತಾಯಿತು. ಎಷ್ಟು ಕಡಿಮೆ ಹಿಡಿದರೂ, ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯು ಮೈಸೂರಿನ ಅಧಿಕಾರವನ್ನು ಹಿಡಿಯುವದಕ್ಕೆ ಮುಂಚೆಯೇ ಆ ಮೀನು ಹುಟ್ಟಿ ಈಜಾಡುತ್ತಿತ್ತೆಂದು ಆಯಿತು. ಅದು ಮರಿಹಾಕುವ ಪ್ರಾಯಕ್ಕೆ ಬರುವದಕ್ಕೇ ಸುಮಾರು ನೂರೈವತ್ತು ವರುಷ ಬೇಕಂತೆ.

ಇಷ್ಟು ದೀರ್ಘಾಯುಸ್ಸುಳ್ಳ ಪ್ರಾಣಿಯ ಕಣ್ಣಿನಲ್ಲಿ ಆ ಜಂತು ಬಂದು ಕೂತುಕೊಳ್ಳುತ್ತದೆ. ಒಮ್ಮಟೊಕೊಯಿಟಾ ಎಂದು ಶಾಸ್ತ್ರಜ್ಞರು ಇಟ್ಟ ಹೆಸರು. ನೋಡುವದಕ್ಕೆ ಹುಳದಂತಿದ್ದರೂ ಅದು ಹುಳವಲ್ಲ, ಸೀಗಡಿಗೆ ದೂರದ ನಂಟಾದ ಒಂದು ಪ್ರಾಣಿ. ಹೆಣ್ಣು ಜಂತುವು ಕಣ್ಣುಗುಡ್ಡೆಯ ಮುಂದಿರುವ ಗಾಜಿನಂಥ ಪೊರೆಯಲ್ಲಿ ಗೂಟ ಬಡಿದಂತೆ ತನ್ನನ್ನು ನೆಟ್ಟುಕೊಂಡು, ಹಿಂದೆ ಎರಡು ಮೊಟ್ಟೆಯ ಎಳೆಗಳನ್ನು ಇಳಿಬಿಟ್ಟು, ಆ ಪೊರೆಯನ್ನೇ ಕೆರೆದು ತಿಂದು ಬಾಳುತ್ತದೆ. ಕೆರೆದಲ್ಲಿ ಗಾಯವಾಗಿ, ಗಾಯವು ಮಾಸಿ ಬಿಳಿಯ ಕಲೆಯಾಗುತ್ತದೆ. ಕೆಲವು ಸಮುದ್ರಗಳಲ್ಲಿ ಹಿಡಿದ ಮೀನುಗಳಲ್ಲಿ ಹೆಚ್ಚಿನವುಗಳ ಕಣ್ಣಿನಲ್ಲಿ, ಅನೇಕವುಗಳ ಎರಡು ಕಣ್ಣುಗಳಲ್ಲಿಯೂ, ಇದು ಸಿಕ್ಕಿದೆ. ಆ ಜಂತು ಕತ್ತಲೆಯಲ್ಲಿ ಹೊಳೆದು ಚಿಕ್ಕ ಮೀನುಗಳನ್ನು ಶಾರ್ಕಿನ ಬಾಯಿಗೆ ಕರೆದು ತರುತ್ತದೆ, ಹೀಗೆ ತಾನು ತಿಂದ ಅನ್ನದ ಋಣವನ್ನು ತೀರಿಸುತ್ತದೆ ಎಂದು ಒಂದು ಕಥೆ ಹುಟ್ಟಿತ್ತು. ಅದಕ್ಕೆ ಆಧಾರವಿಲ್ಲ. ಲೋಕದಲ್ಲಿ ಎಲ್ಲ ಋಣವೂ ತೀರಬೇಕೆಂಬದು ಮನುಷ್ಯನ ಮನಸ್ಸಿನ ಆಶೆಯೇ ಹೊರತು ಜಂತುವಿನದಲ್ಲ. ಮೀನಾದರೋ ಮಸುಕಾದ ಕಣ್ಣುಗಳಿಂದಲೇ, ವಾಸನೆ ಹಿಡಿದು, ತನ್ನ ಆಹಾರವನ್ನು ಹುಡುಕಿಕೊಂಡು ಶತಮಾನಗಳನ್ನು ಕಳೆಯುತ್ತದೆ.

ಕಣ್ಣಿನಲ್ಲಿ ಮಾತ್ರವಲ್ಲ. ಶಾರ್ಕ್ ಮೀನಿನ ಕರುಳು ಒಳಗೆ ಸುರುಳಿ ಮೆಟ್ಟಿಲಿನಂತೆ ಇರುತ್ತದೆ. ಆ ಮೆಟ್ಟಿಲುಗಳಲ್ಲಿ ಲಾಡಿಹುಳಗಳು ವಾಸಿಸುತ್ತವೆ. ಒಂದು ಜಾತಿಯ ಶಾರ್ಕಿನಲ್ಲಿರುವ ಹುಳ ಬಹಳ ಮಟ್ಟಿಗೆ ಇನ್ನೊಂದು ಜಾತಿಯದರಲ್ಲಿ ಇರುವದಿಲ್ಲ. ಬೀಗಕ್ಕೆ ತಕ್ಕ ಬೀಗದ ಕೈಯಂತೆ ಅದರ ತಲೆಯ ಕೊಕ್ಕೆಗಳು ಆ ಕರುಳಿನ ಮಡಿಕೆಗಳಿಗೇ ಹೊಂದುತ್ತವೆ. 1992ರಲ್ಲಿ ಅಮೆರಿಕದ ಮಾಂಟಾಕ್ ಎಂಬ ರೇವಿಗೆ ತಂದ ಒಂದು ಮಾಕೋ ಶಾರ್ಕಿನ ಎದೆಯನ್ನು ಸೀಳಿದಾಗ ಅದರ ಹೃದಯದೊಳಗೆ ಎರಡು ಹಾವುಮೀನುಗಳು ಸಿಕ್ಕಿದವು. ಅವು ಆಳ ಸಮುದ್ರದ ಹಾವುಮೀನುಗಳು. ಹೊಟ್ಟೆಯ ತುಂಬ ರಕ್ತ. ಇನ್ನು ಕೆಲವು ಶಾರ್ಕುಗಳು ತಾವೇ ಈ ಕಸುಬನ್ನು ಮಾಡುತ್ತವೆ. ಮೊಳದುದ್ದದ ಒಂದು ಜಾತಿಯುಂಟು; ಹಗಲು ಆಳದಲ್ಲಿದ್ದು ರಾತ್ರಿ ಮೇಲೆ ಬಂದು, ತಿಮಿಂಗಿಲಗಳಿಗೂ ತನಗಿಂತ ಎಷ್ಟೋ ಪಾಲು ದೊಡ್ಡ ಶಾರ್ಕುಗಳಿಗೂ ಬಾಯಿಹಚ್ಚಿ, ಬಟ್ಟಲಿನಿಂದ ಕಡುಬು ಎತ್ತಿದ ಹಾಗೆ ಗುಂಡಗೆ ಒಂದು ತುಂಡು ಮಾಂಸವನ್ನು ತೆಗೆದುಕೊಂಡು ಹೋಗುತ್ತದೆ. ಕೊಲ್ಲುವದಿಲ್ಲ.

ನಾವು ಮಂಗಳೂರಿನಲ್ಲಿ ದೇವಜ್ಞಾನದ ಪಾಠಗಳನ್ನು ಓದುತ್ತಿದ್ದ ದಿನಗಳಲ್ಲಿ ಒಂದು ಮುಂಜಾನೆ ಧಕ್ಕೆಗೆ ಹೋಗಿದ್ದೆವು. ಅಲ್ಲಿ ಬಿದ್ದಿದ್ದ ಒಂದು ತಾಟೆಯ ಕಿವಿರುಗಳ ಬಳಿಯಲ್ಲಿ ಅಕ್ಕಿಕಾಳಿನಷ್ಟು ಗಾತ್ರದ ಜಂತುಗಳು ಅಂಟಿಕೊಂಡು ಇನ್ನೂ ಅಲ್ಲಾಡುತ್ತಿದ್ದವು. ಮೀನು ಸತ್ತು ಎಷ್ಟೋ ಹೊತ್ತಾಗಿತ್ತು. ಅವುಗಳಿಗೆ ಅದು ತಿಳಿದಿರಲಿಲ್ಲ. ಒಣನಾಡಿನಿಂದ ಹೋದ ನಮಗೆ ಆ ನೋಟ ಅಸಹ್ಯವಾಗಿ ಕಂಡು, ಮುಖ ತಿರುಗಿಸಿಕೊಂಡು ಬಂದೆವು.

ಸಮುದ್ರದ ಮಾತು ನಮಗೇಕೆ ಎನ್ನುವವರು ಒಮ್ಮೆ ನಮ್ಮ ಕಲ್ಯಾಣಿಗಳ ಕಡೆಗೆ ನೋಡಲಿ. ಶಾರ್ಕಿನ ಕಣ್ಣನ್ನು ಕೆರೆಯುವ ಜಂತುವಿನ ಕುಲದಲ್ಲಿಯೇ ಸೈಕ್ಲಾಪ್ಸ್ ಎಂಬ ಒಕ್ಕಣ್ಣಿನ ಚಿಕ್ಕ ನೀರುಜಂತು ಒಂದುಂಟು. ಕನ್ನಡ ನಾಡಿನ ಕೆಲವು ಸೀಮೆಗಳಲ್ಲಿ ಜನರು ಮೆಟ್ಟಿಲುಬಾವಿಗಿಳಿದು ನೀರು ತುಂಬಿ ಕುಡಿಯುವಾಗ ಅದು ಹೊಟ್ಟೆಗೆ ಹೋಗಿ, ತನ್ನೊಳಗಿದ್ದ ನಾರುಹುಳದ ಮರಿಯನ್ನು ಅಲ್ಲಿ ಬಿಟ್ಟು, ಒಂದು ವರುಷದ ಮೇಲೆ ಕಾಲಿನಲ್ಲಿ ಹುಣ್ಣೊಡೆದು ಮೊಳಗಟ್ಟಲೆ ಉದ್ದದ ಹುಳ ಹೊರಬೀಳುತ್ತಿತ್ತು. ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಎಳೆದು ತೆಗೆಯುತ್ತಿದ್ದರೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವದನ್ನು ಕಲಿಸಿ, ಬಾವಿಗಳನ್ನು ಸರಿಪಡಿಸಿ, ಈ ದೇಶದಿಂದ ಆ ಬಾಧೆಯನ್ನು ಓಡಿಸಿದರು. 1996ರಲ್ಲಿ ರಾಜಸ್ಥಾನದಲ್ಲಿ ಕೊನೆಯ ರೋಗಿಯನ್ನು ಕಂಡ ಮೇಲೆ, 2000ದಲ್ಲಿ ಭಾರತವು ನಾರುಹುಣ್ಣಿನಿಂದ ಬಿಡುಗಡೆಯಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಪ್ರಕಟಿಸಿತು. ನಾವು ಮುಂದೆ ಹೇಳುವ ಮಾತುಗಳಿಂದ ಹುಳವನ್ನು ಪ್ರೀತಿಸಿ ಸುಮ್ಮನಿರಬೇಕೆಂದು ಯಾರೂ ತಿಳಿಯಬಾರದೆಂತಲೇ ಇದನ್ನು ಮೊದಲು ಬರೆದೆವು.

ಶ್ರೀನಿವಾಸಪುರದ ಮಾವಿನ ತೋಪುಗಳಿಗೆ ಹೋದವರು ಬಂದಳಿಕೆಯನ್ನು ನೋಡಿಯೇ ಇರುವರು. ಪುಟ್ಟ ಹಕ್ಕಿಯೊಂದು ಅದರ ಹಣ್ಣನ್ನು ತಿಂದು ಅಂಟಾದ ಬೀಜವನ್ನು ಕೊಂಬೆಗೆ ಒರಸಿ ಹೋಗುತ್ತದೆ. ಬೀಜವು ಅಲ್ಲಿಯೇ ಮೊಳೆತು, ಬೇರನ್ನು ಮಣ್ಣಿಗಿಳಿಸದೆ ಮರದೊಳಗೇ ಇಳಿಸಿ, ಮರವು ಎತ್ತಿದ ನೀರನ್ನು ಕುಡಿದು ಹಸುರಾಗಿರುತ್ತದೆ. ದನದ ಕಿವಿಯ ಉಣ್ಣೆಯನ್ನು ಯಾರಿಗೂ ವರ್ಣಿಸಬೇಕಾಗಿಲ್ಲ.

ಆದರೆ ಈ ಸೀಮೆಯಲ್ಲಿ ಹೆಸರೆತ್ತಿದ ಕೂಡಲೇ ಗಂಡಸರೂ ಹೆಂಗಸರೂ ಬೆಚ್ಚುವ ಪರೋಪಜೀವಿ ಯಾವದೆಂದರೆ ರೇಷ್ಮೆಯ ಶತ್ರುವಾದ ಊಜಿ ನೊಣವೇ. 1980ರ ವರೆಗೆ ಇದು ನಮ್ಮ ರಾಜ್ಯದಲ್ಲಿ ಇರಲಿಲ್ಲ. ಬಂಗಾಳದ ಕಡೆಯಿಂದ ತಂದ ಗೂಡುಗಳ ಸಂಗಡ ಆ ವರುಷ ಬಂದು ಸೇರಿತು. ಮನೆಯ ನೊಣಕ್ಕಿಂತ ಸ್ವಲ್ಪ ದೊಡ್ಡದು. ಹುಳುಮನೆಯೊಳಗೆ ನುಗ್ಗಿ, ದೊಡ್ಡ ಹುಳುವಿನ ಮೈಮೇಲೆ ಒಂದೋ ಎರಡೋ ಮೊಟ್ಟೆಯನ್ನಿಟ್ಟು ಹಾರಿಹೋಗುತ್ತದೆ. ಎರಡು ಮೂರು ದಿನಗಳಲ್ಲಿ ಮೊಟ್ಟೆಯೊಡೆದು ಮರಿಯು ಹುಳುವಿನ ಚರ್ಮವನ್ನು ಕೊರೆದು ಒಳಗೆ ಹೋಗುತ್ತದೆ. ಹೋದಲ್ಲಿ ಒಂದು ಕಪ್ಪು ಚುಕ್ಕೆ ಮಾತ್ರ ಉಳಿಯುತ್ತದೆ. ಒಳಗೆ ಅದು ತಿನ್ನುತ್ತಿರುವಾಗಲೂ ಹುಳು ಸಾಯುವದಿಲ್ಲ. ಹಿಪ್ಪುನೇರಳೆ ಸೊಪ್ಪನ್ನು ಮೇಯುತ್ತಲೇ ಇರುತ್ತದೆ. ಕೆಲವು ಗೂಡು ಕಟ್ಟುವ ತನಕವೂ ಬದುಕುತ್ತವೆ. ಆಮೇಲೆ ಮರಿಯು ಗೂಡನ್ನು ತೂತುಮಾಡಿ ಹೊರಬಂದು ನೆಲದ ಬಿರುಕಿನಲ್ಲಿ ಅಡಗುತ್ತದೆ. ತೂತಾದ ಗೂಡಿನಿಂದ ನೂಲು ಬಿಚ್ಚುವದಿಲ್ಲ. ಮೂರು ನಾಲ್ಕು ವಾರ ರಾತ್ರಿ ಹಗಲು ಸೊಪ್ಪು ಕೊಯ್ದು ಹಾಕಿದವನ ಕೈಯಲ್ಲಿ ಉಳಿಯುವದು ಕಸ. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯವರು ಇದಕ್ಕೆ ನೈಲಾನ್ ಪರದೆಯನ್ನೂ ಔಷಧವನ್ನೂ ತೋರಿಸಿಕೊಟ್ಟದ್ದಲ್ಲದೆ, ಊಜಿಯ ಕೋಶದೊಳಗೆ ತನ್ನ ಮೊಟ್ಟೆಯನ್ನಿಡುವ ನೆಸೊಲಿಂಕ್ಸ್ ಎಂಬ ಸಣ್ಣ ಕಣಜವನ್ನೂ ಸಾಕಿ ಹಂಚಿಸಿದರು. ಪರೋಪಜೀವಿಗೆ ಪರೋಪಜೀವಿಯೇ ಮದ್ದಾಯಿತು.

ಜೀವವಿಕಾಸದ ತತ್ವವನ್ನು ಹೇಳಿದ ಚಾರ್ಲ್ಸ್ ಡಾರ್ವಿನ್ನನು ಇಂಥದೇ ಒಂದು ಕೀಟದ ಮುಂದೆ ನಿಂತು ತನ್ನ ನಂಬಿಕೆಯಲ್ಲಿ ತಡವರಿಸಿದನು. ಅವನು ಒಂದು ಕಾಲದಲ್ಲಿ ಪಾದ್ರಿಯಾಗಬೇಕೆಂದು ಕೇಂಬ್ರಿಜ್ಜಿನಲ್ಲಿ ಓದಿದವನು. 1860ನೇ ಮೇ ತಿಂಗಳಲ್ಲಿ, ತನ್ನ ಗೆಳೆಯನೂ ದೈವಭಕ್ತನೂ ಆಗಿದ್ದ ಅಮೆರಿಕದ ಸಸ್ಯಶಾಸ್ತ್ರಿ ಏಸಾ ಗ್ರೇಗೆ ಬರೆದ ಪತ್ರದಲ್ಲಿ, ಕಂಬಳಿಹುಳದ ಜೀವಂತ ಶರೀರದೊಳಗೆ ತಿಂದು ಬೆಳೆಯುವ ಕಣಜಗಳನ್ನು ದಯಾಳುವಾದ ದೇವರು ಬೇಕೆಂದೇ ನಿರ್ಮಿಸಿದನೆಂದು ನಂಬುವದಕ್ಕೆ ತನ್ನಿಂದಾಗದು ಎಂಬ ಅಭಿಪ್ರಾಯವನ್ನು ತಿಳಿಸಿದನು. ಡಾರ್ವಿನ್ನನು ಪುಸ್ತಕದಲ್ಲಿಯೂ ಇಂಗ್ಲೆಂಡಿನ ತೋಟದಲ್ಲಿಯೂ ನೋಡಿದ್ದನ್ನು ನಮ್ಮ ರೈತರು ತಮ್ಮ ತಟ್ಟೆಗಳಲ್ಲಿ ನೋಡುತ್ತಾರೆ. ನಮ್ಮ ಹುಡುಗನ ಪ್ರಶ್ನೆಯೂ ಇದೇ. ಹನ್ನೊಂದು ವರುಷದ ಬಾಲಕನಾದದರಿಂದ ಅವನು ದಿನವನ್ನು ಕೇಳಿದನು, ಅಷ್ಟೇ.

ಈಗ ನಮ್ಮ ತಪ್ಪಿನ ಮಾತು. ಆ ಭಾನುವಾರ ಕಳೆದು ಎರಡು ವಾರಕ್ಕೆ ನಾವು ಥೆಸಲೋನಿಕದವರಿಗೆ ಪೌಲನು ಬರೆದ ಎರಡನೆಯ ಪತ್ರಿಕೆಯಿಂದ ಕೆಲಸಮಾಡದವನ ಊಟದ ವಿಷಯವಾಗಿರುವ ಮಾತನ್ನು ಹಿಡಿದು ಪ್ರಸಂಗ ಮಾಡಿದೆವು. ಶಾರ್ಕಿನ ಚಿತ್ರ ಮನಸ್ಸಿನಲ್ಲಿತ್ತು. ಹೊಸ ದೃಷ್ಟಾಂತ ಸಿಕ್ಕಿದರೆ ಉಪದೇಶಿಯು ಅದನ್ನು ಹಾಗೆಯೇ ಬಿಡುವನೇ? ಕಣ್ಣಿನ ಜಂತುವನ್ನೂ ಬಂದಳಿಕೆಯನ್ನೂ ಊಜಿಯನ್ನೂ ಒಂದೊಂದಾಗಿ ವರ್ಣಿಸಿ, ಮನೆಯಲ್ಲಿ ಕೂತು ತಿನ್ನುವವರು ಇವುಗಳ ಹಾಗೆಂದು ಹೇಳಿದೆವು. ನಮ್ಮ ಮನಸ್ಸಿನಲ್ಲಿದ್ದವರು ಬಸ್ ನಿಲ್ದಾಣದಲ್ಲಿ ಇಸ್ಪೀಟಾಡುವ ಕೆಲವು ತರುಣರು. ಸಭೆಯವರು ಗಮನವಿಟ್ಟು ಕೇಳಿದರು. ಪ್ರಸಂಗ ಚೆನ್ನಾಗಿತ್ತೆಂದು ಇಬ್ಬರು ಹಿರಿಯರು ಹೇಳಿದರು; ನಮಗೂ ಹಾಗೆಯೇ ತೋರಿತ್ತು.

ನಮ್ಮ ಸಭೆಯಲ್ಲಿ ರೇಷ್ಮೆ ಸಾಕುವ ಒಂದು ಮನೆಯುಂಟು. ಆ ಮನೆಯ ಯಜಮಾನನಿಗೆ ಮೂವತ್ತು ವರುಷ. ಅವನ ಸಂಗಡ ಅವನ ದೊಡ್ಡಪ್ಪನು ಇದ್ದಾನೆ. ಮದುವೆಯಾಗದೆ, ತಂದೆ ಸತ್ತ ಈ ಹುಡುಗನನ್ನು ಸಾಕಿದವನು. ಒಂಬತ್ತು ವರುಷದಿಂದ ಎರಡು ಕಣ್ಣೂ ಇಲ್ಲ. ಆ ತಿಂಗಳು ಅವರು ನೂರು ಮೊಟ್ಟೆ ಹುಳು ಮೇಯಿಸಿದ್ದರು. ಹುಳು ನಾಲ್ಕನೆಯ ಜ್ವರದಿಂದೆದ್ದು ಮೇವಿಗೆ ಬಿದ್ದಿತ್ತು. ಮುದುಕನು ಆ ಹುಳುಮನೆಯ ಬಾಗಿಲಲ್ಲಿ ಕೂತುಕೊಳ್ಳುವ ವಾಡಿಕೆ. ಹುಳು ಸೊಪ್ಪು ತಿನ್ನುವ ಸದ್ದು ಜಡಿಮಳೆಯ ಸದ್ದಿನಂತಿರುವದರಿಂದ ಅದನ್ನು ಕೇಳುವದು ಅವನಿಗೆ ಸಂತೋಷ. ಒಂದು ದಿನ ಅವನು ತಡವಿಕೊಂಡು ಒಳಗೆ ಹೋಗಿ ಬರುವಾಗ ಪರದೆಯ ಬಾಗಿಲು ಪೂರಾ ಮುಚ್ಚಲಿಲ್ಲ. ಅದು ಮುಚ್ಚಿಲ್ಲವೆಂದು ಅವನಿಗೆ ಕಾಣುವದು ಹೇಗೆ? ಸಂಜೆಯ ವರೆಗೂ ಯಾರೂ ನೋಡಲಿಲ್ಲ. ನಾಲ್ಕಾರು ದಿನದಲ್ಲಿ ಹುಳುಗಳ ಮೈಮೇಲೆ ಕಪ್ಪು ಚುಕ್ಕೆ ಎದ್ದಿತು. ಚಂದ್ರಿಕೆಗೆ ಹಾಕಿದ ಹುಳುಗಳಲ್ಲಿ ಬಹುಭಾಗ ಕೆಟ್ಟು, ಮಾರುಕಟ್ಟೆಯಲ್ಲಿ ಸೊಪ್ಪಿನ ಖರ್ಚೂ ಹುಟ್ಟಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಆ ತರುಣನು, “ಹೊರಗಿನ ಊಜಿಗೆ ಪರದೆ ಕಟ್ಟಿದ್ದಾಯಿತು, ಮನೆಯೊಳಗಿನ ಊಜಿಗೆ ಏನು ಕಟ್ಟೋಣ? ಉಪದೇಶಿಯವರು ಸುಮ್ಮನೆ ಹೇಳಿದರೇ?” ಎಂದನು. ಮುದುಕನು ಕಲಸಿದ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು, ಕೋಲು ಹಿಡಿದುಕೊಂಡು ಬಂದು ದೇವಾಲಯದ ಜಗಲಿಯಲ್ಲಿ ಮಲಗಿದನು. ಬೆಳಿಗ್ಗೆ ನಾವು ಬಾಗಿಲು ತೆರೆಯುವದಕ್ಕೆ ಹೋದಾಗ ಅವನನ್ನು ಕಂಡೆವು. ಯಾಕೆಂದು ಕೇಳಿದರೆ ಹೇಳಲಿಲ್ಲ. ನೆರೆಮನೆಯವರು ಹೇಳಿದರು.

ನಮ್ಮ ಮಾತು ಅಲ್ಲಿಗೆ ಹೋಗುವದೆಂದು ನಾವು ನೆನಸಿರಲಿಲ್ಲ ಎಂದರೆ ಸುಳ್ಳಾಗದು. ಆದರೆ ಕಲ್ಲು ಎಸೆದವನು ಅದು ಯಾರಿಗೆ ತಗಲಿತೆಂದು ನೋಡಬೇಕಲ್ಲವೇ. ಆ ದಿನಗಳಲ್ಲಿ ನಾವು ಪತ್ರಿಕೆಯ ಆ ಮಾತನ್ನು ತಿರಿಗಿ ಓದಿದೆವು. ಪೌಲನು ಕೆಲಸಮಾಡಲಾರದವನ ಮಾತನ್ನೇ ಎತ್ತಿಲ್ಲ; ಕೆಲಸಮಾಡುವದಕ್ಕೆ ಮನಸ್ಸಿಲ್ಲದವನ ವಿಷಯವಾಗಿ ಬರೆದಿದ್ದಾನೆ. ಮನಸ್ಸು ಎಂಬ ಆ ಒಂದು ಮಾತನ್ನು ನಾವು ಪ್ರಸಂಗದ ವೇಗದಲ್ಲಿ ನುಂಗಿಬಿಟ್ಟಿದ್ದೆವು. ಶಾರ್ಕಿನ ಕಣ್ಣಿನ ಜಂತುವಿಗೆ ಆ ಮನಸ್ಸೆಂಬದು ಎಲ್ಲಿದೆ? ಅದು ಮರಿಯಾಗಿ ನೀರಿನಲ್ಲಿ ತೇಲುವಾಗ ಕಣ್ಣನ್ನು ಸೇರಿದರೆ ಬದುಕುವದು, ಸೇರದಿದ್ದರೆ ಸಾಯುವದು. ದುಡಿದು ತಿನ್ನುವ ಇನ್ನೊಂದು ದಾರಿ ಅದಕ್ಕೆ ತೆರೆದಿಲ್ಲ. ಹಾಗಾದರೆ ನಾವು ಸೋಮಾರಿಯನ್ನು ಜಂತುವಿಗೆ ಹೋಲಿಸಿದ್ದರಿಂದ ಜಂತುವಿನ ಮೇಲೆ ಇಲ್ಲದ ಪಾಪವನ್ನು ಹೊರಿಸಿದೆವು. ಕುರುಡನನ್ನು ಜಂತುವಿಗೆ ಹೋಲಿಸಿದ ಆ ತರುಣನು ನಮ್ಮಿಂದ ಕಲಿತು ದೊಡ್ಡಪ್ಪನ ಮೇಲೆ ಅದೇ ಪಾಪವನ್ನು ಹೊರಿಸಿದನು.

ನಮ್ಮ ಸ್ನೇಹಿತರೊಬ್ಬರು ಸಮಾಧಾನ ಹೇಳಿದರು: ಆ ಮುದುಕನು ನಿಷ್ಪ್ರಯೋಜಕನಲ್ಲ, ಹುಳು ಜ್ವರಕ್ಕೆ ಕೂತದ್ದನ್ನು ಸದ್ದಿನಿಂದಲೇ ಹೇಳುತ್ತಾನೆ, ತಟ್ಟೆ ಹುಳಿತದ್ದನ್ನು ವಾಸನೆಯಿಂದಲೇ ತಿಳಿಯುತ್ತಾನೆ, ಇದನ್ನು ಆ ಹುಡುಗನಿಗೆ ತಿಳಿಸಿ ಹೇಳಿರಿ, ಎಂದು. ಅದು ನಿಜವೇ. ಆದರೂ ನಮಗೆ ಒಪ್ಪಿಗೆಯಾಗಲಿಲ್ಲ. ಯಾಕಂದರೆ ಪ್ರಯೋಜನವನ್ನು ತೋರಿಸಿ ಅವನನ್ನು ಬಿಡಿಸಿಕೊಂಡರೆ, ನಾಳೆ ಅವನ ಕಿವಿಯೂ ಹೋದಾಗ ಆ ಹೆಸರು ಅವನಿಗೆ ಸಲ್ಲುವದೆಂದು ನಾವೇ ಒಪ್ಪಿಕೊಂಡ ಹಾಗಾಯಿತು. ಅಲ್ಲದೆ ಈ ಸಾರಿ ಅವನಿಂದ ಆದದ್ದು ಪ್ರಯೋಜನವಲ್ಲ, ನಷ್ಟ. ನಷ್ಟಮಾಡಿದ ದಿನವೂ ಅವನು ಆ ಮನೆಯಲ್ಲಿ ಉಣ್ಣಬಹುದೇ ಎಂಬದೇ ಪ್ರಶ್ನೆ.

ಇನ್ನು, ಪರರ ಮೈಯಿಂದ ಬದುಕುವವರು ಯಾರೆಂದು ಹುಳುವನ್ನೇ ಕೇಳಿದರೆ ಏನಂದೀತು? ಊಜಿಯು ನೂರರಲ್ಲಿ ಕೆಲವು ಹುಳುಗಳನ್ನು ತಿನ್ನುತ್ತದೆ. ನಾವು ಅಷ್ಟನ್ನೂ ಸಾಕಿ, ಹಣ್ಣಾದಾಗ ಚಂದ್ರಿಕೆಗೆ ಹಾಕಿ, ಗೂಡಿನೊಳಗೆ ಜೀವದಿಂದಿರುವಾಗಲೇ ಬಿಸಿ ಮಾಡಿ ಕೊಂದು, ಅದು ತನಗೆಂದು ಸುತ್ತಿಕೊಂಡ ನೂಲನ್ನು ಬಿಚ್ಚಿ ಸೀರೆ ನೆಯ್ಯುತ್ತೇವೆ. ಇದನ್ನು ತಪ್ಪೆಂದು ನಾವು ಹೇಳುವದಿಲ್ಲ. ಎಷ್ಟೋ ಮನೆಗಳ ಒಲೆ ಇದರಿಂದ ಉರಿಯುತ್ತದೆ, ನಮ್ಮ ಸಭೆಯ ಕಾಣಿಕೆ ಡಬ್ಬಿಗೆ ಬೀಳುವ ಹಣದಲ್ಲಿಯೂ ಆ ನೂಲಿದೆ. ಆದರೆ ಊಜಿಯನ್ನು ಪಾಪಿಯೆಂದು ಬೈಯುವಾಗ ಸ್ವಲ್ಪ ಸಣ್ಣ ಧ್ವನಿಯಿಂದ ಬೈಯುವದು ಒಳ್ಳೇದು.

ಹುಡುಗನ ಪ್ರಶ್ನೆಗೆ ನಾವು ಮೊದಲು ಕೊಡಬೇಕೆಂದಿದ್ದ ಉತ್ತರ, ಆದಾಮನ ಅಪರಾಧದಿಂದ ಭೂಮಿಯು ಮುಳ್ಳನ್ನೂ ಜಂತುಗಳನ್ನೂ ಹುಟ್ಟಿಸಿತೆಂಬದು. ಬ್ರೆಜಿಲ್ ದೇಶದಲ್ಲಿ ಕಲ್ಲಾಗಿಹೋದ ಶಾರ್ಕಿನ ಮಲದಲ್ಲಿ ಲಾಡಿಹುಳದ ಮೊಟ್ಟೆಗಳು ಸಿಕ್ಕಿವೆಯೆಂದು 2013ರಲ್ಲಿ ಪ್ರಕಟವಾಯಿತು. ಆ ಕಲ್ಲಿಗೆ ಇಪ್ಪತ್ತೇಳು ಕೋಟಿ ವರುಷಗಳ ಪ್ರಾಯವಂತೆ. ಅಂದರೆ ಮನುಷ್ಯನು ಭೂಮಿಯ ಮೇಲೆ ಹೆಜ್ಜೆಯಿಡುವದಕ್ಕೆ ಬಹು ಮುಂಚೆಯೇ ಶಾರ್ಕಿನ ಕರುಳಿನಲ್ಲಿ ಹುಳವಿತ್ತು. ಅದರ ಲೆಕ್ಕವನ್ನು ಆದಾಮನ ಹೆಸರಿನಲ್ಲಿ ಬರೆಯುವದು ನ್ಯಾಯವಲ್ಲ. ಪರೋಪಜೀವಿಗಳಿಂದಲೂ ಲೋಕಕ್ಕೆ ಉಪಕಾರವಾಗುತ್ತದೆ, ಒಂದು ಜಾತಿ ಮಿತಿಮೀರಿ ಹೆಚ್ಚದ ಹಾಗೆ ಅವು ಕಾಯುತ್ತವೆ ಎಂದು ತಿಳಿದವರು ಹೇಳುತ್ತಾರೆ. ನಿಜವಿದ್ದೀತು. ದಡದಲ್ಲಿ ನಿಂತು ಲೆಕ್ಕ ಬರೆಯುವವನಿಗೆ ಅದು ಸಮಾಧಾನ. ಕಣ್ಣು ಕಳಕೊಂಡ ಮೀನಿಗಲ್ಲ.

ಯೋನನ ಪುಸ್ತಕವನ್ನು ನಾವೆಲ್ಲರೂ ಮೀನಿನ ಕಥೆಯೆಂದೇ ನೆನಸುತ್ತೇವೆ; ಅದರ ಕೊನೆಯಲ್ಲಿ ಒಂದು ಹುಳವಿರುವದನ್ನು ಮರೆತುಬಿಡುತ್ತೇವೆ. ದೊಡ್ಡ ಮೀನನ್ನು ನೇಮಿಸಿದಾತನೇ ಯೋನನಿಗೆ ನೆರಳಾಗಿದ್ದ ಬಳ್ಳಿಯನ್ನು ಹೊಡೆಯುವದಕ್ಕೆ ಹುಳವನ್ನೂ ನೇಮಿಸಿದನೆಂದು ಅಲ್ಲಿ ಕಾಣುತ್ತೇವೆ. ಮೀನಿನ ದೇವರು ಒಬ್ಬನು, ಹುಳದ ದೇವರು ಇನ್ನೊಬ್ಬನು ಎಂದು ಹಂಚಿಕೊಡುವದಕ್ಕೆ ಆ ಪುಸ್ತಕ ನಮಗೆ ಸ್ಥಳ ಕೊಡುವದಿಲ್ಲ. ಹುಳವು ಯಾಕೆ ಬೇಕಾಗಿತ್ತೆಂದು ಯೋನನಿಗೂ ಹೇಳಿಲ್ಲ. ಅವನನ್ನು ಕೇಳಿದ್ದು ಬೇರೊಂದು ಪ್ರಶ್ನೆ: ನೀನು ನೆಟ್ಟು ಬೆಳೆಸದ ಬಳ್ಳಿಗಾಗಿ ಇಷ್ಟು ಸಿಟ್ಟಾಗುವವನು ಎಡಬಲ ತಿಳಿಯದ ಆ ಜನಕ್ಕಾಗಿ ಯಾಕೆ ಮರುಗಲಿಲ್ಲ ಎಂಬ ಭಾವದ್ದು. ನಮ್ಮ ರೇಷ್ಮೆಯ ಮನೆಯ ತರುಣನಾದರೋ ತಾನೇ ಬೆಳೆಸಿದ ಬೆಳೆಗಾಗಿ ಸಿಟ್ಟಾದನು. ಅವನ ಸಾಲವೂ ನಿಜ, ನಿದ್ದೆಗೆಟ್ಟದ್ದೂ ನಿಜ. ಯೋನನಿಗಿಂತ ಅವನ ಪಕ್ಷದಲ್ಲಿ ಹೇಳತಕ್ಕದ್ದು ಹೆಚ್ಚಿದೆ.

ಅವನ ಸಂಗಡ ಮಾತಾಡುವದಕ್ಕೆ ಹೋದಾಗ ನಾವು ಇದೊಂದನ್ನೂ ಹೇಳಲಿಲ್ಲ. ಪ್ರಸಂಗದಿಂದಾದ ಗಾಯಕ್ಕೆ ಇನ್ನೊಂದು ಪ್ರಸಂಗವನ್ನು ಕಟ್ಟುವದು ಸರಿಯಲ್ಲವೆಂದು ತೋರಿತು. ಕೋಲಾರದ ಹಳೆಯ ಸಂಗತಿಯೊಂದನ್ನು ಮಾತ್ರ ಜ್ಞಾಪಕಕ್ಕೆ ತಂದೆವು. 1876ರಿಂದ 1878ರ ವರೆಗೆ ಮೈಸೂರು ಸೀಮೆಯಲ್ಲಿ ಮಹಾ ಬರ ಬಿದ್ದಿತು. 1871ರ ಖಾನೇಷುಮಾರಿಯಲ್ಲಿ ಐವತ್ತು ಲಕ್ಷಕ್ಕೆ ಮೇಲಿದ್ದ ಜನ 1881ರಲ್ಲಿ ಸುಮಾರು ನಲವತ್ತೆರಡು ಲಕ್ಷವಾಗಿ ಇಳಿದಿತ್ತು. ಆ ಕಾಲದಲ್ಲಿ ಮಿಸ್ ಆನ್‌ಸ್ಟೀ ಎಂಬ ದೊರೆಸಾನಿಯವರು ಕೋಲಾರದಲ್ಲಿ ತಂದೆತಾಯಿಗಳಿಲ್ಲದ ಮಕ್ಕಳನ್ನು ಸೇರಿಸಿಕೊಂಡು ಅನ್ನವಿಟ್ಟರು. ಅಂಥ ಮಕ್ಕಳ ಸಂತಾನದವರು ಈ ಸೀಮೆಯ ಸಭೆಗಳಲ್ಲಿ ಉಂಟು. ಅನ್ನಕ್ಕಾಗಿ ಸೇರಿದವರೆಂಬ ಹೆಸರನ್ನು ನಮ್ಮ ಹಿರಿಯರು ಸಂತೆಯಲ್ಲಿಯೂ ಬಾವಿಯ ಬಳಿಯಲ್ಲಿಯೂ ಎಷ್ಟು ವರುಷ ಕೇಳಿಕೊಂಡರು! ಬಂದಳಿಕೆ ಎಂಬ ಮಾತು ನಮಗೆ ಹೊಸದಲ್ಲ; ಅದನ್ನು ನಮ್ಮ ಮೇಲೆ ಆಡಿದವರುಂಟು. ಎಲುಬು ಕಾಣುವ ಮಗುವಿನ ಮುಂದೆ ತಟ್ಟೆಯಿಟ್ಟವರು, ಇದು ಮುಂದೆ ದುಡಿದು ತೀರಿಸುವದೋ ಎಂದು ಮೊದಲು ಕೇಳಿದ್ದರೆ ನಾವು ಯಾರೂ ಇರುತ್ತಿರಲಿಲ್ಲ. ತರುಣನು ತಲೆ ತಗ್ಗಿಸಿ ಕೇಳಿದನು. ಆ ಮಾತನ್ನು ಮೊದಲು ಆಡಿದವರು ನಾವೇ, ಅದಕ್ಕಾಗಿ ನಿನ್ನ ದೊಡ್ಡಪ್ಪನ ಹತ್ತಿರ ಕ್ಷಮೆ ಕೇಳಿಕೊಂಡು ಬಂದಿದ್ದೇವೆ ಎಂದೆವು. ಅವನು ಏನೂ ಉತ್ತರ ಕೊಡಲಿಲ್ಲ. ಹಣ ಎಷ್ಟು ಹೋಯಿತೆಂದು ಮಾತ್ರ ಹೇಳಿದನು.

ಕ್ಷಮೆ ಕೇಳುವದಕ್ಕೆ ಹೋದದ್ದು ಆ ಮುಂಜಾನೆಯೇ. ಮುದುಕನು ಜಗಲಿಯ ಕಂಬಕ್ಕೊರಗಿ ಕೂತಿದ್ದನು. ಅವನು ನಮ್ಮ ಕ್ಷಮೆಯ ಮಾತನ್ನು ಕೈಯಾಡಿಸಿ ತಳ್ಳಿಬಿಟ್ಟು, ಆ ಮೀನಿನ ಸಂಗತಿಯನ್ನು ಇನ್ನೊಂದು ಸಾರಿ ಹೇಳಿರಿ ಎಂದನು. ಹೇಳಿದೆವು.

“ಆ ಹುಳ ಸತ್ತು ಬಿದ್ದಮೇಲೆ ಮೀನಿಗೆ ಕಣ್ಣು ಬರುತ್ತದೋ ಅಯ್ಯನವರೇ?”

“ಕಲೆ ಉಳಿಯುತ್ತದಂತೆ.”

“ಆದರೂ ಮುನ್ನೂರು ವರ್ಷ ಇರುತ್ತದೆ ಅಂದಿರಿ.”

“ಹೌದು.”

“ಸರಿ, ಅಷ್ಟು ಬೇಡ,” ಎಂದು ನಕ್ಕನು. ಸ್ವಲ್ಪ ಹೊತ್ತಿನ ಮೇಲೆ, ನೆಲದ ಬಿರುಕುಗಳಿಗೆ ಮಣ್ಣು ಮೆತ್ತಿಸಿದ್ದಾರೋ ಇಲ್ಲವೋ, ಊಜಿ ಅಲ್ಲೇ ಅಡಗಿರುತ್ತದೆ, ಹುಡುಗನಿಗೆ ಹೇಳಿರಿ, ಎಂದನು.

ಐದು ದಿನ ಅವನು ಜಗಲಿಯಲ್ಲಿದ್ದನು. ಆರನೆಯ ದಿನ ಸಂಜೆ ಆ ತರುಣನು ಬಂದು ದೊಡ್ಡಪ್ಪನ ಕಂಬಳಿಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಮುಂದೆ ನಡೆದನು. ಮುದುಕನು ಅವನ ಹೆಗಲ ಮೇಲೆ ಕೈಯಿಟ್ಟು ಹಿಂದೆ ಹೋದನು. ಅವರು ದಾರಿಯಲ್ಲಿ ಏನು ಮಾತಾಡಿದರೋ ನಮಗೆ ತಿಳಿಯದು. ಭಾನುವಾರದ ಶಾಲೆಯಲ್ಲಿ ನಾವು ಆ ಹುಡುಗನನ್ನು ಕರೆದು, ಹುಳವನ್ನು ಯಾವ ದಿನ ಉಂಟುಮಾಡಿದನೆಂಬದು ನಮಗೆ ಗೊತ್ತಿಲ್ಲವೆಂದು ಎಲ್ಲರ ಮುಂದೆ ಹೇಳಿದೆವು. ಅವನಿಗೆ ಬಹಳ ಸಂತೋಷವಾಯಿತು.

ಮೊನ್ನೆ ಆ ಮನೆಗೆ ಹೋಗಿದ್ದೆವು. ಹೊಸ ಚಾಕಿ ತಂದಿದ್ದಾರೆ. ಹುಳುಮನೆಯ ಪರದೆಯ ಬಾಗಿಲಿಗೆ ಎತ್ತಿನ ಕೊರಳಿನ ಒಂದು ಹಳೆಯ ಗಂಟೆಯನ್ನು ಕಟ್ಟಿದ್ದಾನೆ. ಬಾಗಿಲು ಅರೆತೆರೆದಿದ್ದರೆ ಗಾಳಿಗೆ ಅದು ಆಡುತ್ತಲೇ ಇರುವದು. ಪೂರಾ ಮುಚ್ಚಿ ಕೊಂಡಿ ಬಿದ್ದರೆ ನಿಲ್ಲುವದು. ನಾವು ಒಳಗೆ ಹೋಗಿ ಹೊರಗೆ ಬಂದೆವು. ಮುದುಕನು ಬಾಗಿಲ ಬಳಿಯಲ್ಲಿ ಕೂತಲ್ಲಿಂದಲೇ, “ಅಯ್ಯನವರೇ, ಇನ್ನೂ ಸ್ವಲ್ಪ ಎಳೆಯಿರಿ,” ಎಂದನು.